ಪೆಟ್ಟಿಗೆಯ ಮೂಗು ಮತ್ತು ಒಣ ತೊರಕೆ

ಯಂತ್ರಕ್ಕೆ ಕಣ್ಣು ಕೊಟ್ಟರು, ಕಿವಿ ಕೊಟ್ಟರು, ಕೊನೆಗೆ ಮೂಗನ್ನೂ ಕೊಟ್ಟರು. ಕಣ್ಣು ಕಿವಿಗಳಿಂದ ಆಗದ ರಗಳೆ ಮೂಗಿನಿಂದ ಆಯಿತು. ಅದು ಮೊದಲು ಆದದ್ದು ಹೊಸಬೆಂಗ್ರೆಯಲ್ಲಿ.

ಮೂಗು ಕೊಟ್ಟವರ ಉದ್ದೇಶವೇನೋ ಒಳ್ಳೆಯದೇ. ಆ ಹೊತ್ತಿಗೆ ಊರೂರಿನ ಬೀದಿಗಳಲ್ಲಿ ಬೀರುವಿನಷ್ಟು ಎತ್ತರದ ಜಾಲದ ಪೆಟ್ಟಿಗೆಗಳು ನಿಂತಿದ್ದವು. ಫೋನು, ಆಸ್ಪತ್ರೆ, ಬ್ಯಾಂಕು, ಶಾಲೆ, ಕಡಲಿನ ದೋಣಿ, ಎಲ್ಲದರ ಮಾತೂ ಅವುಗಳ ಮೂಲಕವೇ ಹಾಯಬೇಕು. ಒಳಗೆ ಕಿಕ್ಕಿರಿದ ವಯರು, ಬ್ಯಾಟರಿ, ಹಗಲಿರುಳೂ ಬಿಸಿ. ಕೆಲವು ವರ್ಷಗಳ ಹಿಂದೆ ಅಂಥದೇ ಒಂದು ದೊಡ್ಡ ಕೇಂದ್ರಕ್ಕೆ ಬೆಂಕಿ ಬಿದ್ದು, ಒಳಗೆ ಕೆಲಸ ಮಾಡುತ್ತಿದ್ದವರು ಹೊರಗೆ ಬರಲಾಗದೆ ತೀರಿಕೊಂಡಿದ್ದರು. ಹೊಗೆ ಎದ್ದ ಮೇಲೆ ಬಡಿದುಕೊಳ್ಳುವ ಗಂಟೆ ಯಾವ ಉಪಯೋಗಕ್ಕೂ ಬರುವುದಿಲ್ಲ, ಹೊಗೆಗೆ ಮೊದಲೇ ಗೊತ್ತಾಗಬೇಕು ಎಂದು ಆಗ ಎಲ್ಲರಿಗೂ ಅನಿಸಿತು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ನಮ್ಮ ಹಳೆಯ ಪದ್ಧತಿಯಾದರೂ ಈ ಸಲ ಬಾವಿಯನ್ನು ಚೆನ್ನಾಗಿಯೇ ತೋಡಿದರು.

ವಯರಿನ ಪ್ಲಾಸ್ಟಿಕ್ಕು ಉರಿಯುವ ಮೊದಲು ಬೆವರುತ್ತದೆ. ಮನುಷ್ಯರ ಮೂಗಿಗೆ ತಿಳಿಯದಷ್ಟು ಸಣ್ಣ ವಾಸನೆ ಬಿಡುತ್ತದೆ. ಅದನ್ನು ಹಿಡಿಯುವುದು ಪೆಟ್ಟಿಗೆಯ ಮೂಗಿನ ಕೆಲಸ. ಉಗುರಿನಷ್ಟು ದೊಡ್ಡ ಬಿಲ್ಲೆಯ ಮೇಲೆ ನೂರಾರು ಬಗೆಯ ಲೇಪಗಳು. ಒಂದೊಂದು ಲೇಪಕ್ಕೆ ಒಂದೊಂದು ಅನಿಲ ಅಂಟುತ್ತದೆ. ಯಾವ ವಾಸನೆಗೆ ಯಾವ ಲೇಪಗಳು ಎಚ್ಚರಗೊಳ್ಳುತ್ತವೆ ಎಂಬ ಗುರುತನ್ನು ಮೂಗಿಗೆ ಮೊದಲೇ ಕಲಿಸಿರುತ್ತಾರೆ. ಕಲಿತ ವಾಸನೆ ಬಂದರೆ ಅದು 'ಸಾಮಾನ್ಯ' ಎನ್ನುತ್ತದೆ. ಕಲಿಯದ್ದು ಬಂದು, ಅದು ಬಿಸಿಯಾದ ಪ್ಲಾಸ್ಟಿಕ್ಕಿಗೆ ಸ್ವಲ್ಪ ಹತ್ತಿರವಾಗಿ ಕಂಡರೆ 'ಬೆಂಕಿ' ಎನ್ನುತ್ತದೆ. ಹಾಗೆಂದ ಮೇಲೆ ಅದು ಯಾರ ಅಪ್ಪಣೆಗೂ ಕಾಯುವುದಿಲ್ಲ. ಕರೆಂಟು ಕಡಿದು, ಕಿಂಡಿಗಳನ್ನು ಮುಚ್ಚಿ, ಒಳಗೆ ಬೆಂಕಿಯ ಉಸಿರು ಕಟ್ಟಿಸುವ ಅನಿಲ ತುಂಬಿಬಿಡುತ್ತದೆ. ಎಂಜಿನಿಯರು ಕೀಲಿ ತಂದು ಎಬ್ಬಿಸುವ ತನಕ ಪೆಟ್ಟಿಗೆ ಸತ್ತ ಹಾಗೆ.

ಎಬ್ಬಿಸುವ ಕೀಲಿ ಇದ್ದವರಲ್ಲಿ ನಿಶ್ಮಿತಾ ತಿಂಗಳಾಯಳೂ ಒಬ್ಬಳು. ಗುಡ್ಡದ ಮೇಲಿನ ಪ್ರಯೋಗಾಲಯದ ನಿಯಂತ್ರಣ ಕೊಠಡಿಯಲ್ಲಿ ಕುಳಿತು ರಾಜ್ಯದ ಎಲ್ಲ ಮೂಗುಗಳ ಮೇಲೆ ಕಣ್ಣಿಡುವುದು ಅವಳ ಉದ್ಯೋಗ. ಆ ವರ್ಷ ಮಳೆ ಹಿಡಿದ ಮೇಲೆ ಪರದೆಯ ಮೇಲೆ ಒಂದೇ ಒಂದು ದೀಪ ಮತ್ತೆ ಮತ್ತೆ ಕೆಂಪಾಗತೊಡಗಿತು. ಹೊಸಬೆಂಗ್ರೆ: ನದಿಗೂ ಕಡಲಿಗೂ ನಡುವೆ ನಾಲಗೆಯಂತೆ ಚಾಚಿದ ಮರಳ ದಿಬ್ಬ, ಮೀನುಗಾರರ ಊರು, ಅವಳು ಹುಟ್ಟಿ ಬೆಳೆದ ಜಾಗ. ಪೆಟ್ಟಿಗೆ ಸಾಯುವುದು, ಅವಳು ಆ ಅನಿಲದ ಹೊಸ ಸಿಲಿಂಡರನ್ನು ಹೊತ್ತುಕೊಂಡು ನದಿ ದಾಟಿಸುವ ಕಡವಿನ ದೋಣಿ ಹತ್ತಿ ಹೋಗಿ ಎಬ್ಬಿಸುವುದು, ಎರಡು ದಿನಕ್ಕೆ ಅದು ಪುನಃ ಸಾಯುವುದು. ಪ್ರತಿ ಸಲ ಬಾಗಿಲು ತೆರೆದಾಗಲೂ ಒಳಗೆ ಎಲ್ಲ ತಣ್ಣಗೆ ಇರುತ್ತಿತ್ತು. ಒಂದು ವಯರೂ ಬಾಡಿರಲಿಲ್ಲ.

ಉಬ್ಬರದ ನೀರು ಮುಟ್ಟದ ಎತ್ತರ ಇರುವುದು ಗುಲಾಬಿ ದೊಡ್ಡಮ್ಮನ ಮನೆಯ ಪಕ್ಕ ಮಾತ್ರ ಎಂದು ಪೆಟ್ಟಿಗೆಯನ್ನು ಅವಳ ಅಡುಗೆಮನೆಯ ಗೋಡೆಗೆ ತಾಗಿಸಿಯೇ ನಿಲ್ಲಿಸಿದ್ದರು. ಆ ಮಧ್ಯಾಹ್ನ ನಿಶ್ಮಿತಾ ಕೊಡೆ ಮಡಚಿ ಒಳಗೆ ಕಾಲಿಡುವಾಗ ದೊಡ್ಡಮ್ಮ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದಳು.

"ಬಂದ್ಯಾ ಮಗಾ? ಪುನಃ ಸತ್ತಿತಾ ನಿನ್ನ ಪೆಟ್ಟಿಗೆ?"

"ಹೌದು ದೊಡ್ಡಮ್ಮ. ಇಲ್ಲಿ ಹತ್ತಿರದಲ್ಲಿ ಯಾರಾದ್ರೂ ವಯರು ಸುಟ್ರಾ? ಟಯರು, ಪ್ಲಾಸ್ಟಿಕ್ಕು, ಎಂತಾದ್ರೂ?"

"ವಯರು ಸುಟ್ಟು ಗಂಜಿಗೆ ನೆಂಜಿಕೊಳ್ಳುವಷ್ಟು ಗತಿ ಕೆಡ್ಲಿಲ್ಲ ನಮ್ದು. ಕೂತ್ಕೊ. ಕುಚ್ಚಿಲಕ್ಕಿ ಗಂಜಿ ಉಂಟು, ತೊರಕೆ ಸುಡ್ತಾ ಇದ್ದೇನೆ."

ತೆಂಗಿನ ಗೆರಟೆಯ ಕೆಂಡದ ಮೇಲೆ ಒಣ ತೊರಕೆ ಮೀನಿನ ತುಂಡು ಅಂಚು ಮುರುಟಿಕೊಂಡು ಹೊಗೆಯಾಡುತ್ತಿತ್ತು. ಮಳೆಗಾಲದಲ್ಲಿ ದೊಡ್ಡ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಹಸಿ ಮೀನು ಅಪರೂಪ. ಬೇಸಿಗೆಯಲ್ಲಿ ಉಪ್ಪು ಹಾಕಿ ಒಣಗಿಸಿಟ್ಟದ್ದೇ ಊರಿಗೆಲ್ಲ ಆಧಾರ. ತೊರಕೆಯ ವಾಸನೆ ಮೂಗಿಗೆ ಬಡಿದ ಕೂಡಲೇ ನಿಶ್ಮಿತಾಳಿಗೆ ಹಸಿವಾಯಿತು. ಮರುಕ್ಷಣ ಅವಳಿಗೆ ಒಂದು ಅನುಮಾನ ಬಂತು. ಚೀಲದಿಂದ ಕೈಮೂಗನ್ನು, ಎಂದರೆ ಪೆಟ್ಟಿಗೆಯಲ್ಲಿರುವಂಥದೇ ಮೂಗಿರುವ ಕೈಯಲ್ಲಿ ಹಿಡಿಯುವ ಯಂತ್ರವನ್ನು, ತೆಗೆದು ಒಲೆಯ ಹತ್ತಿರ ಹಿಡಿದಳು. ಅದು ಒಂದು ಗಳಿಗೆ ತಡೆದು 'ಬೆಂಕಿ' ಎಂದಿತು.

"ಎಂತ ಹೇಳ್ತದೆ ಅದು?" ದೊಡ್ಡಮ್ಮ ಕೇಳಿದಳು.

"ನಿನ್ನ ಅಡಿಗೆಗೆ ಬೆಂಕಿ ಬಿದ್ದಿದೆ ಅಂತ ಹೇಳ್ತದೆ."

"ಬೆಂಕಿ ಇಲ್ಲದೆ ಅಡಿಗೆ ಮಾಡುದು ಹೇಗೆ? ಯಾರು ಮಾಡಿದ ಮೂಗು ಮಾರಾಯ್ತಿ ಅದು?"

ಯಾರು ಮಾಡಿದ್ದು ಎನ್ನುವುದು ನಿಶ್ಮಿತಾಳಿಗೆ ಚೆನ್ನಾಗಿ ಗೊತ್ತಿತ್ತು. ಪ್ರಯೋಗಾಲಯದ ಗೇಟಿನಲ್ಲಿ ಒಂದು ಫಲಕವಿದೆ: ಆವರಣದೊಳಗೆ ಮೀನು, ಮಾಂಸ, ಮೊಟ್ಟೆ ತರಕೂಡದು, ಉಪಕರಣಗಳು ಸೂಕ್ಷ್ಮವಾಗಿವೆ. ಮೂಗಿಗೆ ಮನುಷ್ಯರ ಮನೆಯ ವಾಸನೆ ಕಲಿಸುವ ಹೊತ್ತಿನಲ್ಲಿ ಆ ಫಲಕ ಅಲ್ಲೇ ಇತ್ತು. ಹಿಂಗಿನ ಒಗ್ಗರಣೆ ಕಲಿಸಿದರು, ತುಪ್ಪ ಕಾಯಿಸಿದ್ದು ಕಲಿಸಿದರು, ಕರ್ಪೂರ, ಸಾಂಬ್ರಾಣಿ, ಕಾಫಿ ಬೀಜ ಹುರಿದದ್ದು, ಹಾಲು ಉಕ್ಕಿ ಹೊತ್ತಿದ್ದು, ಹಲಸಿನ ಹಪ್ಪಳ, ತಳ ಹಿಡಿದ ಪಾಯಸ ಸಹ ಕಲಿಸಿದರು. ಹಿಂಗಿಗೆ ಹೆದರದ ಉಪಕರಣಗಳು ಬಂಗುಡೆಗೆ ಯಾಕೆ ಹೆದರುತ್ತವೆ ಎಂದು ಯಾರೂ ಕೇಳಲಿಲ್ಲ. ನಿಶ್ಮಿತಾಳೂ ಕೇಳಿರಲಿಲ್ಲ, ಕೆಲಸ ಹೊಸದು, ಬಾಯಿ ಮುಚ್ಚಿಕೊಂಡು ಕ್ಯಾಂಟೀನಿನ ಸಾಂಬಾರು ಉಂಡಿದ್ದಳು. ಹೀಗೆ ಶುದ್ಧ ಸಸ್ಯಾಹಾರಿ ಮನೆಯಲ್ಲಿ ಬೆಳೆದ ಮೂಗು ಮೊದಲ ಸಲ ಊರು ಸುತ್ತಲು ಹೊರಟಿತ್ತು, ತೊರಕೆಯ ವಾಸನೆಗೆ ಮೂರ್ಛೆ ಹೋಗುತ್ತಿತ್ತು.

ಅದಕ್ಕೆ ಕಾರಣವೂ ಇಲ್ಲದಿಲ್ಲ. ತೊರಕೆಯ ಮೈಯಲ್ಲಿ ಯೂರಿಯಾ ಬಹಳ. ಒಣಗಿಸಿ ಸುಟ್ಟರೆ ಅಮೋನಿಯಾ ಏಳುತ್ತದೆ. ವಯರಿನ ಮೇಲಿನ ನೈಲಾನ್ ಹೊದಿಕೆ ಬಿಸಿಯಾದರೂ ಏಳುವುದು ಅದೇ ಅಮೋನಿಯಾ. ಮೀನಿನ ಮುಖವನ್ನೇ ಕಾಣದ ಮೂಗಿಗೆ ಇವೆರಡರಲ್ಲಿ ಒಂದು ಮಾತ್ರ ಗೊತ್ತು.

ನಿಶ್ಮಿತಾ ಗಂಜಿ ಉಂಡು, ಪೆಟ್ಟಿಗೆ ಎಬ್ಬಿಸಿ, ಗುಡ್ಡ ಹತ್ತಿದಳು.

ಮೂಗನ್ನು ರೂಪಿಸಿದವರು ಡಾ. ವೈಜಯಂತಿ, ಪ್ರಯೋಗಾಲಯದ ಮುಖ್ಯಸ್ಥೆ. ಆ ದೊಡ್ಡ ಬೆಂಕಿಯಲ್ಲಿ ಹೋದವರಲ್ಲಿ ಅವರ ತಮ್ಮನೂ ಒಬ್ಬ. ಅವರು ಅದರ ಬಗ್ಗೆ ಮಾತಾಡುತ್ತಿರಲಿಲ್ಲ, ಆದರೆ ಮೂಗಿನ ವಿಷಯದಲ್ಲಿ ಅವರು ಯಾಕೆ ಕಲ್ಲು ಎನ್ನುವುದು ಎಲ್ಲರಿಗೂ ತಿಳಿದಿತ್ತು. ನಿಶ್ಮಿತಾ ಹೇಳಿದ್ದನ್ನೆಲ್ಲ ಕೇಳಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನನಗೆ ಮೀನಿನ ಮೇಲೆ ದ್ವೇಷ ಇಲ್ಲ ನಿಶ್ಮಿತಾ. ಆದ್ರೆ ಮೂಗಿಗೆ ಮಾಫಿ ಮಾಡ್ಲಿಕ್ಕೆ ಕಲಿಸಬಾರ್ದು. ಇವತ್ತು ಈ ಅಮೋನಿಯಾ ಪರವಾಗಿಲ್ಲ ಅಂತ ಹೇಳಿಕೊಟ್ರೆ ನಾಳೆ ವಯರು ಸುಡುವಾಗಲೂ ಪರವಾಗಿಲ್ಲ ಅಂತ ಸುಮ್ಮನೆ ಇರ್ತದೆ."

"ಮಾಫಿ ಮಾಡುದು ಬೇಡ ಮೇಡಂ. ಗುರ್ತ ಹಿಡಿಯಲಿ. ಅಮೋನಿಯಾ ಎರಡರಲ್ಲೂ ಉಂಟು, ಆದ್ರೆ ಜೊತೆಗೆ ಬರುವ ನೆಂಟರು ಬೇರೆ ಬೇರೆ. ನಾವು ಮೀನನ್ನು ಇಲ್ಲಿ ತಂದು ಕಲಿಸಿದ್ರೆ ಅದಕ್ಕೆ ಗೊತ್ತಾಗ್ತದೆ."

"ಇಲ್ಲಿ ತರ್ಲಿಕ್ಕೆ ಆಗುದಿಲ್ಲ. ಫಲಕ ನೋಡಿದ್ದೀಯಲ್ಲ." ಅವರು ಕನ್ನಡಕ ಹಾಕಿಕೊಂಡರು. "ಪೆಟ್ಟಿಗೆಯ ಕಂಪನಿಯವರು ಆಗಲೇ ಬರೆದಾಗಿದೆ."

ಕಂಪನಿಯವರು ಬರೆದದ್ದು ಹೀಗಿತ್ತು: ಪೆಟ್ಟಿಗೆಯ ಸುತ್ತಲಿನ ಮನೆಗಳಲ್ಲಿ ತೀಕ್ಷ್ಣ ವಾಸನೆಯ ಪದಾರ್ಥಗಳನ್ನು ಸುಡುವುದು, ಹುರಿಯುವುದು ನಿಷಿದ್ಧ. ಒಪ್ಪದಿದ್ದರೆ ಹೊಸಬೆಂಗ್ರೆಯನ್ನು ಬೆಂಕಿಯ ಅಪಾಯದ ವಲಯವೆಂದು ಗುರುತಿಸಿ, ಅಗ್ನಿಶಾಮಕ ದಳದ ಒಪ್ಪಿಗೆ ಪಡೆದು ಪೆಟ್ಟಿಗೆಯನ್ನು ಅಲ್ಲಿಂದ ತೆಗೆಯಲಾಗುವುದು. ತೀಕ್ಷ್ಣವೆಂದರೆ ಯಾವುದು, ಯಾರಿಗೆ ತೀಕ್ಷ್ಣ ಎಂದು ಬರೆದಿರಲಿಲ್ಲ. ಅವರವರ ಮೂಗಿನ ನೇರಕ್ಕೆ ಎಂದು ತಿಳಿದುಕೊಳ್ಳಬೇಕು, ಅಷ್ಟೆ.

ಪೆಟ್ಟಿಗೆ ಹೋದರೆ ಹೊಸಬೆಂಗ್ರೆಯವರಿಗೆ ಆಗುವ ನಷ್ಟ ಫೋನಿನದಲ್ಲ, ಸಿನಿಮಾದ್ದಲ್ಲ. ಮಳೆಗಾಲದಲ್ಲಿ ಬೋಟುಗಳು ನಿಂತರೂ ನಾಡದೋಣಿಗಳು ಕಡಲಿಗೆ ಇಳಿಯುತ್ತವೆ. ಗಾಳಿ ಏಳುವ ಸುದ್ದಿ ಆ ದೋಣಿಗಳಿಗೆ ಮುಟ್ಟುವುದು ಇದೇ ಪೆಟ್ಟಿಗೆಯಿಂದ. ಅದು ಬಂದ ಮೇಲೆ ಊರಿನ ಹೆಂಗಸರು ದಡದಲ್ಲಿ ನಿಂತು ಆಕಾಶ ನೋಡುವುದನ್ನು ಬಿಟ್ಟಿದ್ದರು.

ಆದರೆ ತೊರಕೆಗೂ ಕಡಲಿಗೂ ಮಧ್ಯೆ ಹೀಗೊಂದು ಸಂಬಂಧ ಬೆಳೆದಿದೆಯೆಂದು ಗುಲಾಬಿ ದೊಡ್ಡಮ್ಮನಿಗೆ ಆಗ ಪೂರ್ತಿ ತಿಳಿದಿರಲಿಲ್ಲ. ಆ ವಾರವೇ ಒಂದು ಬೆಳಿಗ್ಗೆ ಅವಳು ಒಲೆ ಹಚ್ಚಿದಳು, ಗೋಡೆಯಾಚೆ ಪೆಟ್ಟಿಗೆ ಸತ್ತಿತು. ನಿಶ್ಮಿತಾ ಗುಡ್ಡದಿಂದ ಇಳಿದು ಕಡವಿಗೆ ಬರುವಷ್ಟರಲ್ಲಿ ಗಾಳಿ ಎದ್ದಿತ್ತು. ಗಾಳಿಯ ಎಚ್ಚರಿಕೆ ಸತ್ತ ಪೆಟ್ಟಿಗೆಯ ತನಕ ಬಂದು ಅಲ್ಲೇ ನಿಂತಿತು, ದೋಣಿಗಳಿಗೆ ಮುಟ್ಟಲಿಲ್ಲ. ದೊಡ್ಡಮ್ಮನ ಮಗ ದಿನಕರ ಇದ್ದ ದೋಣಿ ನದಿ ಕಡಲು ಸೇರುವ ಅಳಿವೆಯ ಬಾಗಿಲಲ್ಲಿ ಮಗುಚಿತು. ಎಲ್ಲರೂ ಈಜಿ ದಡ ಸೇರಿದರು, ದಿನಕರನ ತೋಳು ಮಾತ್ರ ದೋಣಿಯ ಅಂಚಿಗೆ ಸಿಕ್ಕಿ ಮುರಿದಿತ್ತು. ಮಗನ ಮುರಿದ ತೋಳಿಗೂ ತನ್ನ ಒಲೆಗೂ ಇರುವ ನಂಟು ಗೊತ್ತಾದಾಗ ದೊಡ್ಡಮ್ಮ ಒಂದು ದಿನವಿಡೀ ಒಲೆ ಹಚ್ಚಲಿಲ್ಲ.

ಮುಂದಿನ ಸಲ ನಿಶ್ಮಿತಾ ಬಂದಾಗ ಊರಿನವರು ಪೆಟ್ಟಿಗೆಯ ಕಿಂಡಿಯ ಬಾಯಲ್ಲಿದ್ದ ಮೂಗಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಟಯರಿನ ರಬ್ಬರಿನಿಂದ ಬಿಗಿದಿದ್ದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರನ್ನು ಅವಳು ಕಣ್ಣಾರೆ ಕಂಡದ್ದು ಅದೇ ಮೊದಲು. ಅವಳು ಬಿಚ್ಚಲು ಹೊರಟಾಗ, ತೋಳಿಗೆ ಜೋಳಿಗೆ ಕಟ್ಟಿಕೊಂಡಿದ್ದ ದಿನಕರ ಅಡ್ಡ ಬಂದ.

"ತೆಗಿಬೇಡ ನಿಶ್ಮಿ. ಕಟ್ಟಿದ ಮೇಲೆ ಒಮ್ಮೆಯೂ ಸಾಯ್ಲಿಲ್ಲ ಅದು."

"ಒಳಗೆ ಬ್ಯಾಟರಿ ಉಂಟು ದಿನಕರಣ್ಣ. ಉಪ್ಪುಗಾಳಿಗೆ ಯಾವತ್ತು ಕೆಡ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಒಮ್ಮೆ ಹತ್ತಿಕೊಂಡ್ರೆ ನೀರಿಗೂ ಸುಲಭಕ್ಕೆ ಜಗ್ಗುದಿಲ್ಲ ಅದು. ಗೋಡೆಯಾಚೆ ನಿನ್ನ ಅಮ್ಮ ಮಲಗುದು."

"ಹಾಗಾದ್ರೆ ಮೀನು ಸುಡುದು ಬಿಡ್ಬೇಕಾ ನಾವು? ಅದನ್ನು ಹೇಳ್ಲಿಕ್ಕೆ ಕಳ್ಸಿದ್ರಾ ನಿನ್ನನ್ನು?"

"ಬಿಡ್ಬಾರ್ದು."

"ನೀನು ಯಾರ ಕಡೆ ಅಂತ ಮೊದ್ಲು ಹೇಳು."

ನಿಶ್ಮಿತಾ ಚೀಲವನ್ನು ಕಿತ್ತು ಮುದ್ದೆ ಮಾಡಿ ಕೈಯಲ್ಲಿ ಹಿಡಿದಳು. "ಮೂಗೂ ಇರ್ಬೇಕು, ತೊರಕೆಯೂ ಸುಡ್ಬೇಕು. ಎರಡ್ರಲ್ಲಿ ಒಂದು ಬಿಡಿ ಅಂತ ಹೇಳುವವರು ಇಲ್ಲಿದ್ರೂ ಅಲ್ಲಿದ್ರೂ ನಾನು ಅವರ ಕಡೆ ಅಲ್ಲ."

ಒಳಗಿನಿಂದ ದೊಡ್ಡಮ್ಮನ ಸ್ವರ ಬಂತು. "ಹಾಗಾದ್ರೆ ಆ ಮೂಗನ್ನು ಒಳಗೆ ಕರ್ಕೊಂಡು ಬಾ ಮಗಾ. ಉಣ್ಣುದು ಹೇಗೆ ಅಂತ ಕಲಿಸುವಾ."

ಹೀಗೆ ಮೂಗಿನ ಎರಡನೆಯ ಶಾಲೆ ಗುಲಾಬಿ ದೊಡ್ಡಮ್ಮನ ಅಡುಗೆಮನೆಯಲ್ಲಿ ಶುರುವಾಯಿತು. ಇದಕ್ಕೆ ಯಾರ ಅನುಮತಿಯೂ ಇರಲಿಲ್ಲ. ರಜೆಯ ದಿನಗಳಲ್ಲಿ ನಿಶ್ಮಿತಾ ಕೈಮೂಗನ್ನು ಒಲೆಯ ಹತ್ತಿರ ಇಟ್ಟು ಕಲಿಕೆಯ ಗುಂಡಿ ಒತ್ತಿ ಕೂರುತ್ತಿದ್ದಳು. ಊರಿನ ಹೆಂಗಸರು ತಮ್ಮ ತಮ್ಮ ಡಬ್ಬಿ ಹಿಡಿದು ಬಂದರು. ಒಣ ಸಿಗಡಿ ಹುರಿದರು, ಬಂಗುಡೆ ಸುಟ್ಟರು, ಮಳೆಯಲ್ಲಿ ಸ್ವಲ್ಪ ಹಳಸಿದ ತೊರಕೆಯನ್ನೂ ಬಿಡಲಿಲ್ಲ. "ಒಳ್ಳೇದು ಮಾತ್ರ ಕಲಿಸಿದ್ರೆ ಸಾಲದು, ನಮ್ಮ ಮನೆಯಲ್ಲಿ ಒಮ್ಮೊಮ್ಮೆ ಕೆಟ್ಟದ್ದೂ ಸುಡ್ತೇವೆ" ಎಂದಳು ಒಬ್ಬಳು. ಪೇಟೆಯಿಂದ ಆಡಿನ ಕಾಲು ತಂದು ಸುಟ್ಟವರೂ ಇದ್ದರು. ಪ್ರತಿ ವಾಸನೆಯ ಜೊತೆಗೆ ನಿಶ್ಮಿತಾ ನೈಲಾನ್ ವಯರಿನ ತುಂಡನ್ನೂ ಬೇರೆಯಾಗಿ ಬಿಸಿ ಮಾಡಿ, ಆಮೇಲೆ ಎರಡನ್ನೂ ಕೂಡಿಸಿ ಮೂಗಿಗೆ ತೋರಿಸುವಳು. ಇದು ಮೀನು, ಇದು ವಯರು, ಇದು ಮೀನಿನ ಹೊಗೆಯಲ್ಲಿ ಅಡಗಿ ಕುಳಿತ ವಯರು. ಮೊದಮೊದಲು ಮೂಗು ದಡ್ಡನ ಹಾಗೆ ಎಲ್ಲಕ್ಕೂ ಬೆಂಕಿ ಬೆಂಕಿ ಎಂದಿತು. ಆಮೇಲೆ ಒಮ್ಮೆ ಸಿಗಡಿಗೆ 'ಸಾಮಾನ್ಯ' ಎಂದಾಗ ಹೆಂಗಸರೆಲ್ಲ ಹೋ ಎಂದು ನಕ್ಕರು. ತೊರಕೆ ಕಡೆಯ ತನಕ ಸತಾಯಿಸಿತು. ಅಷ್ಟು ದಿನವೂ ದೋಣಿಯವರು ಕಡಲಿಗೆ ಇಳಿದಾಗ ಹೆಂಗಸರು ಒಲೆಯ ಮೇಲೆ ಅನ್ನ ಮಾತ್ರ ಇಡುತ್ತಿದ್ದರು, ದೋಣಿ ಹಿಂದೆ ಬಂದ ಮೇಲೆ ಸುಡುತ್ತಿದ್ದರು. ಇದು ಶಾಶ್ವತವಲ್ಲ ಎಂದು ದೊಡ್ಡಮ್ಮ ದಿನಾ ಒಮ್ಮೆ ಗೋಡೆಗೆ ಹೇಳುವಳು.

ಕಲಿತಾದ ಮೇಲೆ ನಿಶ್ಮಿತಾ ಕೈಮೂಗನ್ನು ಡಾ. ವೈಜಯಂತಿಯವರ ಮೇಜಿನ ಮೇಲೆ ಇಟ್ಟಳು.

"ಯಾರನ್ನು ಕೇಳಿ ಮಾಡಿದ್ದು?" ಅವರು ಕೇಳಿದರು.

"ಕೇಳಿದ್ರೆ ಆಗುದಿಲ್ಲ ಅಂತ ಹೇಳ್ತಿದ್ರಿ ಮೇಡಂ. ಅದಕ್ಕೆ ಕೇಳ್ಲಿಲ್ಲ. ಕೆಲಸದಿಂದ ತೆಗಿಯುದಾದ್ರೆ ತೆಗಿರಿ. ಆದ್ರೆ ಅದಕ್ಕೆ ಮೊದ್ಲು ಪರೀಕ್ಷೆ ಮಾಡಿ."

ಅವರು ಆ ಯಂತ್ರವನ್ನು ಕೈಗೆತ್ತಿಕೊಂಡರು. "ಪರೀಕ್ಷೆ ನನ್ನ ರೀತಿಯಲ್ಲಿ," ಎಂದರು. "ಅಲ್ಲೇ, ಆ ಪೆಟ್ಟಿಗೆಯಲ್ಲೇ, ಅಧಿಕಾರಿಗಳ ಮುಂದೆ. ವಯರನ್ನು ನಾನು ಎಲ್ಲಿ, ಯಾವಾಗ ಬಿಸಿ ಮಾಡ್ತೇನೆ ಅಂತ ನಿನಗೆ ಹೇಳುದಿಲ್ಲ. ಅದು ಒಂದು ಸಲ ತಪ್ಪಿದ್ರೂ ಕಂಪನಿ ಹೇಳಿದ ಹಾಗೆ. ಮೀನು ಸುಡುದು ನಿಲ್ಬೇಕು, ಇಲ್ಲಾ ಪೆಟ್ಟಿಗೆ ಅಲ್ಲಿಂದ ಹೋಗ್ಬೇಕು."

"ಆಗ್ಬಹುದು."

"ಊರಿನವರನ್ನು ಕೇಳುದಿಲ್ವಾ?"

"ಅವರದ್ದೂ ಇದೇ ಉತ್ತರ ಮೇಡಂ."

ಪರೀಕ್ಷೆಯ ದಿನ ಮಳೆ ಬಿಡುವು ಕೊಟ್ಟಿತ್ತು. ಪೆಟ್ಟಿಗೆ ಸಾಯಬಹುದೆಂದು ಊರಿನವರು ಒಂದು ದೋಣಿಯನ್ನೂ ನೀರಿಗೆ ಇಳಿಸಿರಲಿಲ್ಲ. ಅಗ್ನಿಶಾಮಕ ದಳದ ಅಧಿಕಾರಿ ಹಮೀದ್ ಕಿನ್ಯ ಮರಳಲ್ಲಿ ಬೂಟು ಹೂತುಕೊಂಡು ನಿಂತಿದ್ದರು. ಕೊನೆಯ ಮಾತು ಅವರದು. ಡಾ. ವೈಜಯಂತಿ ಸೀರೆಯ ಸೆರಗನ್ನು ಮೂಗಿಗೆ ಹಿಡಿಯಲಿಲ್ಲ, ಅದನ್ನು ಹೆಂಗಸರು ಗಮನಿಸಿದರು. ಪೆಟ್ಟಿಗೆಗೆ ಹೊಸದಾಗಿ ಕಲಿತ ಮೂಗು ಹಾಕಿಯಾಗಿತ್ತು.

ಹೆಂಗಸರು ಪೆಟ್ಟಿಗೆಯ ಸುತ್ತ ಒಲೆ ಹೂಡಿದ್ದರು. ಒಂದೆರಡು ಸಾಕು ಎಂದು ನಿಶ್ಮಿತಾ ಹೇಳಿದ್ದಳು. ಬಂದದ್ದು ಇಡೀ ಊರು. ಕಬ್ಬಿಣದ ಒಲೆ, ಕಲ್ಲಿನ ಒಲೆ, ಒಡೆದ ಕೊಡದ ಒಲೆ. ಮದುವೆಗೆ ಉಡುವ ಸೀರೆ ಉಟ್ಟು ಬಂದವರಿದ್ದರು. ಮನೆಯಲ್ಲಿ ತುಂಬ ತೀಕ್ಷ್ಣವಾದದ್ದು ಯಾವುದಿದೆಯೋ ಅದನ್ನೇ ಹುಡುಕಿ ತಂದಿದ್ದರು.

"ಶುರು ಮಾಡಿ," ಎಂದರು ಹಮೀದ್.

"ಊದಿ," ಎಂದಳು ಗುಲಾಬಿ ದೊಡ್ಡಮ್ಮ.

ಹೊಗೆ ಎದ್ದಿತು. ತೊರಕೆ ಮುರುಟಿತು, ಸಿಗಡಿ ಸಿಡಿಯಿತು, ಬಂಗುಡೆಯ ಎಣ್ಣೆ ಕೆಂಡಕ್ಕೆ ಬಿದ್ದು ಚುಂಯ್‌ಗುಟ್ಟಿತು. ಕಂಪನಿಯ ಪರವಾಗಿ ಬಂದಿದ್ದವನೊಬ್ಬ ಕೆಮ್ಮುತ್ತ ನದಿಯ ಕಡೆಗೆ ನಡೆದ. ನಿಶ್ಮಿತಾಳ ಕಣ್ಣು ಪೆಟ್ಟಿಗೆಯ ಹಸಿರು ದೀಪದ ಮೇಲಿತ್ತು. ಹಸಿರು ಹಸಿರಾಗಿಯೇ ಉಳಿಯಿತು. ದೊಡ್ಡಮ್ಮ ಬೀಸಣಿಗೆ ತೆಗೆದುಕೊಂಡು ತನ್ನ ಒಲೆಯ ಹೊಗೆಯನ್ನು ನೇರವಾಗಿ ಪೆಟ್ಟಿಗೆಯ ಕಿಂಡಿಗೆ ಬೀಸಿದಳು, ತಾಳುವುದಾದರೆ ತಾಳು ಎನ್ನುವ ಹಾಗೆ. ಆಗಲೂ ಹಸಿರು. ಜನ ಪಿಸುಗುಟ್ಟತೊಡಗಿದರು, ಒಬ್ಬಳು ಸುಟ್ಟ ತುಂಡನ್ನು ಹಮೀದರ ಕೈಗೆ ಕೊಟ್ಟಳು, ಅವರು ತಿಂದರು.

ಆದರೆ ಡಾ. ವೈಜಯಂತಿ ಗಡಿಯಾರ ನೋಡುತ್ತಿದ್ದರು. ಅವರ ಮುಖ ಬಿಳಿಚಿಕೊಳ್ಳುವುದನ್ನು ಕಂಡಾಗ ನಿಶ್ಮಿತಾಳಿಗೆ ಅರ್ಥವಾಯಿತು: ವಯರು ಆಗಲೇ ಎಲ್ಲೋ ಬಿಸಿಯಾಗುತ್ತಿದೆ. ಮೂಗು ಸುಮ್ಮನಿದೆ. ತಾನು ಮೂಗಿಗೆ ಕಲಿಸಿದ್ದು ಗುರುತು ಹಿಡಿಯುವುದನ್ನೋ, ಕಣ್ಣು ಮುಚ್ಚುವುದನ್ನೋ? ಗೋಡೆಯಾಚೆ ದೊಡ್ಡಮ್ಮನ ಹಾಸಿಗೆ ಇದೆ. ಡಾ. ವೈಜಯಂತಿ ಹೇಳಿದ್ದೇ ಸರಿಯಾಗಿದ್ದರೆ ತಾನೇ ಈ ಊರಿಗೆ ಕೊಳ್ಳಿ ಇಟ್ಟವಳು. ಹೆಂಗಸರ ನಗು ಅವಳಿಗೆ ಬಹಳ ದೂರದಿಂದ ಕೇಳಿಸಿತು.

ಆಗ ಪೆಟ್ಟಿಗೆ ಟಕ್ ಎಂದಿತು. ಕಿಂಡಿಗಳು ಮುಚ್ಚಿಕೊಂಡವು, ಒಳಗೆ ಅನಿಲ ಬುಸ್ಸೆಂದು ತುಂಬಿತು, ದೀಪ ಕೆಂಪಾಯಿತು.

"ಅಯ್ಯೋ, ಪುನಃ ಸತ್ತಿತಲ್ಲ," ಎಂದ ದಿನಕರ.

ಡಾ. ವೈಜಯಂತಿ ಕೈ ತೋರಿಸಿದರು. ಹಮೀದ್ ಪೆಟ್ಟಿಗೆಯ ಮಗ್ಗುಲಿಗೆ ಹೋಗಿ, ಅಲ್ಲಿ ಮೀನಿನ ಬುಟ್ಟಿಗಳ ನಡುವೆ ಕವುಚಿಟ್ಟಿದ್ದ ಒಂದು ಬುಟ್ಟಿಯನ್ನು ಎತ್ತಿದರು. ಅದರಡಿ ಸಣ್ಣ ಹೀಟರಿಗೆ ಸುತ್ತಿದ ವಯರಿನ ಸುರುಳಿ. ಮುಟ್ಟಿ ನೋಡಿದರು. ಹೊದಿಕೆ ಸ್ವಲ್ಪ ಮೆತ್ತಗಾಗಿತ್ತು, ಬಣ್ಣ ಸಹ ಕೆಟ್ಟಿರಲಿಲ್ಲ, ಹೊಗೆಯಂತೂ ಇರಲೇ ಇಲ್ಲ.

"ಇಷ್ಟು ಹೊಗೆಯ ಮಧ್ಯೆ ಇದನ್ನು ಹಿಡಿದಿದೆ," ಎಂದರು ಅವರು. "ನನ್ನ ಸರ್ವಿಸಿನಲ್ಲಿ ನಾನು ಇಂಥದ್ದು ನೋಡ್ಲಿಲ್ಲ. ನನ್ನ ಲೆಕ್ಕದಲ್ಲಿ ಪಾಸು."

ಕಡಲ ದಡದಲ್ಲಿ ಎದ್ದ ಬೊಬ್ಬೆ ನದಿಯಾಚೆಗೂ ಕೇಳಿಸಿರಬೇಕು. ಡಾ. ವೈಜಯಂತಿ ಮರಳ ಮೇಲೆಯೇ ಕುಳಿತರು. ದೊಡ್ಡಮ್ಮ ಅವರಿಗೆ ಎಳನೀರು ಕೊಟ್ಟಳು. ಎಲ್ಲ ಮುಗಿಯಿತೆಂದು ನಿಶ್ಮಿತಾ ಅಂದುಕೊಳ್ಳುತ್ತಿರುವಾಗ ಕಂಪನಿಯವನು ಮೂಗು ಒರೆಸಿಕೊಳ್ಳುತ್ತ ಮರಳಿ ಬಂದ.

"ಸರಿ ಮೇಡಂ. ಹೊಸಬೆಂಗ್ರೆಗೆ ವಿನಾಯಿತಿ ಅಂತ ಬರೀತೇವೆ. ಈ ಒಂದು ಪೆಟ್ಟಿಗೆಗೆ ಮಾತ್ರ ಈ ಮೂಗು. ಉಳಿದ ಕಡೆ ಮೊದಲಿನದ್ದೇ."

"ಅದು ಬೇಡ," ಎಂದಳು ನಿಶ್ಮಿತಾ.

"ಬೇಡ ಅಂದ್ರೆ? ನೀವು ಗೆದ್ದಿದ್ದೀರಲ್ಲ?"

"ಇಲ್ಲಿಂದ ಮೈಸೂರಿಗೆ, ಹುಬ್ಬಳ್ಳಿಗೆ ಹೋಗಿ ಬಾಡಿಗೆ ಮನೆಯಲ್ಲಿ ಇರುವವರು ಎಷ್ಟು ಜನ ಇದ್ದಾರೆ ಗೊತ್ತುಂಟಾ ನಿಮ್ಗೆ? ಕಾಲುಸೂಪು ಮಾಡುವವರು, ಕರಿಮೀನು ಸುಡುವವರು ಹೊಸಬೆಂಗ್ರೆಯಲ್ಲಿ ಮಾತ್ರ ಇರುದಾ? ಅವರ ಬೀದಿಯ ಪೆಟ್ಟಿಗೆ ಅವರ ಊಟದ ಹೊತ್ತಿಗೆ ಸಾಯ್ಬೇಕಾ? ಇದು ವಿನಾಯಿತಿಯ ಕಡತಕ್ಕೆ ಹೋಗುದಲ್ಲ. 'ಸಾಮಾನ್ಯ'ದ ಕಡತಕ್ಕೆ ಹೋಗ್ಬೇಕು. ಹಿಂಗಿನ ಒಗ್ಗರಣೆಯ ಪಕ್ಕದಲ್ಲಿ."

"ಎಲ್ಲ ಪೆಟ್ಟಿಗೆಯನ್ನೂ ಮೊದಲಿನಿಂದ ಕಲಿಸ್ಲಿಕ್ಕೆ ಆಗ್ತದಾ?" ಕಂಪನಿಯವನು ಡಾ. ವೈಜಯಂತಿಯವರ ಕಡೆ ತಿರುಗಿದ. "ಮೇಡಂ, ನೀವೇ ಹೇಳಿ."

ನಿಶ್ಮಿತಾ ಅವನಿಗೆ ಹೇಳುವುದನ್ನು ಬಿಟ್ಟು ಅವರ ಎದುರು ಕುಕ್ಕರಿಸಿದಳು. "ಮೂಗು ಮಾಫಿ ಮಾಡ್ಬಾರ್ದು ಅಂತ ನೀವೇ ಹೇಳಿದ್ದು. ವಿನಾಯಿತಿ ಅಂದ್ರೆ ಮಾಫಿ ಅಲ್ದೆ ಎಂತ ಮೇಡಂ? ಈ ಊರಿನವರು ಹೀಗೇ, ಬಿಟ್ಟುಬಿಡು ಅಂತ. ಹಾಗೆ ಬಿಟ್ಟ ಜಾಗದಲ್ಲೇ ಬೆಂಕಿ ಬೀಳುದು."

ಡಾ. ವೈಜಯಂತಿ ಎಳನೀರನ್ನು ಕೆಳಗಿಟ್ಟರು.

"ನನ್ನ ತಮ್ಮ ಹೊರಗೆ ಮೀನು ತಿಂದು ಬರ್ತಿದ್ದ," ಎಂದರು. "ಅಂಗಿಯ ವಾಸನೆಯಲ್ಲಿ ನನಗೆ ಗೊತ್ತಾಗ್ತಿತ್ತು. ಮನೆಯಲ್ಲಿ ಬೇರೆ ಯಾರಿಗೂ ಗೊತ್ತಾಗ್ಲಿಲ್ಲ. ನಾನೂ ಹೇಳ್ಲಿಲ್ಲ."

"ಒಳ್ಳೇದು ಮಾಡಿದ್ರಿ ಅಮ್ಮ," ಎಂದಳು ಗುಲಾಬಿ ದೊಡ್ಡಮ್ಮ. "ಮೂಗಿಗೆ ಎಲ್ಲ ಗೊತ್ತಾಗ್ಬೇಕು. ಯಾರ ಮನೆಯಲ್ಲಿ ಎಂತ ಬೇಯ್ತದೆ ಅಂತ ಊರಿಗೆಲ್ಲ ಹೇಳ್ಬಾರ್ದು."

ಡಾ. ವೈಜಯಂತಿ ಎದ್ದು ಸೀರೆಯ ಮರಳು ಕೊಡವಿಕೊಂಡರು. ಅವರ ಮಾತು ಕಂಪನಿಯವನಿಗೆ, ನೋಟ ನಿಶ್ಮಿತಾಳ ಕಡೆಗೆ. "ಎಲ್ಲ ಪೆಟ್ಟಿಗೆಗಳಿಗೂ. ಪ್ರತಿ ಜಿಲ್ಲೆಯ ಅಡುಗೆಯನ್ನೂ ಕಲಿಸಿದ ಮೇಲೆ. ವಿನಾಯಿತಿ ಅಂತ ಬರೆದ್ರೆ ಅದಕ್ಕೆ ನನ್ನ ರುಜು ಇಲ್ಲ."

"ನನ್ನದೂ ಇಲ್ಲ," ಎಂದರು ಹಮೀದ್, ಬಾಯಿಯಲ್ಲಿ ಇನ್ನೊಂದು ತುಂಡು ಇದ್ದುದರಿಂದ ಸ್ವಲ್ಪ ಅಸ್ಪಷ್ಟವಾಗಿ.

ಅದು ಹೇಳಿದಷ್ಟು ಸುಲಭದಲ್ಲಿ ಆಗಲಿಲ್ಲ. ಕಂಪನಿ ಎಳೆದಾಡಿತು, ಗುಡ್ಡದ ಮೇಲೆ ಎಷ್ಟೋ ಜನ ಮೂಗು ಮುರಿದರು. ಗೇಟಿನ ಫಲಕ ತೆಗೆದ ದಿನ ಒಬ್ಬ ಹಿರಿಯ ವಿಜ್ಞಾನಿ ಕ್ಯಾಂಟೀನಿನಲ್ಲಿ ಊಟ ಬಿಟ್ಟ. ಆದರೂ ಊರೂರಿನಿಂದ ಹೆಂಗಸರು, ಗಂಡಸರು ಪಾತ್ರೆ ಹಿಡಿದು ಗುಡ್ಡ ಹತ್ತಿದರು, ಮೂಗು ಕಲಿಯುತ್ತ ಹೋಯಿತು. ಪರದೆಯ ಮೇಲೆ 'ಸಾಮಾನ್ಯ', 'ಬೆಂಕಿ' ಎಂಬ ಎರಡೇ ಪದ ಮೂಡಬೇಕು, ಯಾವ ಅಡುಗೆ ಎಂದು ಎಲ್ಲಿಯೂ ಉಳಿಯಬಾರದು ಎಂದು ಡಾ. ವೈಜಯಂತಿ ಕಟ್ಟುನಿಟ್ಟು ಮಾಡಿದರು.

ಮುಂದಿನ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ನಿಯಂತ್ರಣ ಕೊಠಡಿಯ ಫೋನು ಹೊಡೆದುಕೊಂಡಿತು. ನಿಶ್ಮಿತಾ ಎತ್ತಿದಳು. ಘಟ್ಟದ ಮೇಲಿನ ದೊಡ್ಡ ಪೇಟೆಯೊಂದರಿಂದ ಯಾರೋ ಮನೆ ಮಾಲೀಕ.

"ಮೇಡಂ, ನಮ್ಮದು ಪ್ಯೂರ್ ವೆಜ್ ಬಿಲ್ಡಿಂಗು. ಮೆಟ್ಟಿಲ ಕೆಳಗೆ ನಿಮ್ಮ ಪೆಟ್ಟಿಗೆ ಇದೆ, ಅದಕ್ಕೆ ಮೂಗಿದೆಯಂತಲ್ಲ. ಯಾರೋ ಬಾಡಿಗೆಯವರು ಒಣಮೀನು ಸುಡ್ತಿದಾರೆ. ಯಾವ ಮನೆ ಅಂತ ಸ್ವಲ್ಪ ನೋಡಿ ಹೇಳಿ, ಖಾಲಿ ಮಾಡಿಸ್ಬೇಕು."

ನಿಶ್ಮಿತಾ ಆ ಪೆಟ್ಟಿಗೆಯನ್ನು ಪರದೆಗೆ ತಂದಳು. ದೀಪ ಹಸಿರಾಗಿತ್ತು. ಘಟ್ಟ ಹತ್ತುವ ಯಾವುದೋ ಬಸ್ಸಿನಲ್ಲಿ, ಬಟ್ಟೆಗಳ ಮಧ್ಯೆ ಸುತ್ತಿ, ಯಾರೋ ಪುಣ್ಯಾತ್ಮರು ಒಣಮೀನಿನ ಕಟ್ಟು ಹೊತ್ತು ಹೋಗಿದ್ದಾರೆ. ಮಳೆ ಬಂದಿದೆ, ಆಸೆಯಾಗಿದೆ, ಕಿಟಕಿ ಮುಚ್ಚಿ ಒಲೆ ಹಚ್ಚಿದ್ದಾರೆ.

"ಸಾರ್, ಇಲ್ಲಿ ಎಲ್ಲ ಸಾಮಾನ್ಯ ಉಂಟು."

"ಸಾಮಾನ್ಯ ಅಂದ್ರೇನ್ರೀ? ನನಗಿಲ್ಲಿ ಉಸಿರಾಡಕ್ಕಾಗ್ತಿಲ್ಲ."

"ಬೆಂಕಿ ಇಲ್ಲ ಅಂತ ಅರ್ಥ ಸಾರ್. ಊಟದ ಹೊತ್ತು, ಯಾರೋ ಅಡಿಗೆ ಮಾಡ್ತಿದ್ದಾರೆ. ಅದಕ್ಕಿಂತ ಹೆಚ್ಚು ಹೇಳ್ಲಿಕ್ಕೆ ನಮ್ಮ ಮೂಗಿಗೆ ಬರುದಿಲ್ಲ."

"ನಾನು ಮೇಲಿನವರಿಗೆ ಕಂಪ್ಲೇಂಟ್ ಮಾಡ್ತೀನಿ. ನಿಮ್ಮ ಹೆಸರು ಹೇಳಿ."

"ಬರ್ಕೊಳ್ಳಿ," ಎಂದಳು ಅವಳು, ಅವನಿಗೆ ಪೆನ್ನು ಸಿಗುವ ತನಕ ಕಾದು. "ನಿಶ್ಮಿತಾ ತಿಂಗಳಾಯ. ಊರು ಹೊಸಬೆಂಗ್ರೆ. ನಾವು ಸಹ ಸುಡ್ತೇವೆ ಸಾರ್, ಅದನ್ನೂ ಬರ್ಕೊಳ್ಳಿ."